ಕಾರವಾರದಿಂದ ಮಂಗಳೂರಿಗೆ ಸೈಕಲ್ಲಿನಲ್ಲಿ: ಓದುಗರ ಪ್ರಶ್ನೆಗಳು, ಉತ್ತರಗಳು

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದಾರಿಯನ್ನು ಕುರಿತವು. ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯನ್ನು ಸೈಕಲ್ಲಿನಲ್ಲಿ ಕ್ರಮಿಸುವ ಆಸೆ ಇಷ್ಟು ಜನರಿಗಿದೆ ಎಂಬುದು ನನಗೂ ತಿಳಿದಿರಲಿಲ್ಲ. ಆದ್ದರಿಂದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಬರೆದವರ ಹೆಸರನ್ನು ಬಿಟ್ಟು ಊರನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ನಾವಿಬ್ಬರು ಗೆಳೆಯರು ಡಿಸೆಂಬರಿನಲ್ಲಿ ಒಂದು ವಾರ ರಜೆ ಹಾಕಿ ಹೊರಡಬೇಕೆಂದಿದ್ದೇವೆ. ದಿನಕ್ಕೆ ನೂರು ಕಿ.ಮೀ. ತುಳಿದು ರೂಢಿಯಿದೆ. ಹಾಗಿದ್ದರೆ ಮೂರು ದಿನ ಸಾಲದೇ? ಮಂಗಳೂರಿನಿಂದ ಉತ್ತರಕ್ಕೆ ಹೋಗುವುದು ಒಳ್ಳೆಯದೋ, ಕಾರವಾರದಿಂದ ದಕ್ಷಿಣಕ್ಕೆ ಬರುವುದೋ? (ದಾವಣಗೆರೆ)

ಉತ್ತರ: ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕಾರವಾರದಿಂದ ಮಂಗಳೂರಿಗೆ ಸುಮಾರು 270 ಕಿ.ಮೀ. ನಿಮ್ಮ ರೂಢಿಗೆ ಮೂರು ದಿನ ಧಾರಾಳವಾಗಿ ಸಾಕು. ಆದರೆ ಹಾಗೆ ಬಂದರೆ ನೀವು ನೋಡುವುದು ಹೆದ್ದಾರಿಯ ವಿಭಜಕದ ಗಿಡಗಳನ್ನು, ಮೀನಿನ ಲಾರಿಗಳ ಹಿಂಬದಿಯನ್ನು ಮತ್ತು ಟೋಲ್ ಗೇಟುಗಳನ್ನು. ಈ ದಾರಿಯನ್ನು ಕಿಲೋಮೀಟರಿನ ಲೆಕ್ಕದಲ್ಲಿ ಹಾಕಿಕೊಳ್ಳದೆ ಹೊಳೆಯ ಲೆಕ್ಕದಲ್ಲಿ ಹಾಕಿಕೊಳ್ಳಿ ಎಂಬುದು ನನ್ನ ಸಲಹೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಪಂಚಗಂಗಾವಳಿ, ಸೀತಾ ಮತ್ತು ಸ್ವರ್ಣಾ, ಶಾಂಭವಿ, ಗುರುಪುರ ಹೊಳೆ, ನೇತ್ರಾವತಿ: ಈ ಕರಾವಳಿಯ ಚರಿತ್ರೆಯೆಲ್ಲ ಈ ಹೊಳೆಗಳು ಕಡಲನ್ನು ಸೇರುವ ಅಳಿವೆಗಳ ಸುತ್ತಮುತ್ತ ನಡೆದದ್ದು. ದಿನಕ್ಕೊಂದು ಹೊಳೆ, ಹೆಚ್ಚೆಂದರೆ ಎರಡು ಎಂದಿಟ್ಟುಕೊಂಡರೆ ನಿಮ್ಮ ಏಳು ದಿನಗಳು ಸರಿಯಾಗಿ ತುಂಬುತ್ತವೆ. ಮೊದಲ ದಿನ ಕಾರವಾರದಲ್ಲೇ ಕಾಳಿಯ ಎರಡೂ ದಡಗಳನ್ನು ನೋಡಿ ಸಂಜೆಗೆ 35 ಕಿ.ಮೀ. ದೂರದ ಅಂಕೋಲಾ ಸೇರುವುದು, ಎರಡನೆಯ ದಿನ ಗೋಕರ್ಣ, ಮೂರನೆಯ ದಿನ ಅಘನಾಶಿನಿ ದಾಟಿ ಕುಮಟಾ, ನಾಲ್ಕನೆಯ ದಿನ ಹೊನ್ನಾವರ ಮತ್ತು ಮುರ್ಡೇಶ್ವರದ ಮೇಲೆ ಭಟ್ಕಳ, ಐದನೆಯ ದಿನ ಮರವಂತೆಯ ಮೇಲೆ ಕುಂದಾಪುರ, ಆರನೆಯ ದಿನ ಬಸ್ರೂರು ಮತ್ತು ಬಾರ್ಕೂರು ನೋಡಿಕೊಂಡು ಮಲ್ಪೆ, ಏಳನೆಯ ದಿನ ಮಂಗಳೂರು. ಇವುಗಳಲ್ಲಿ ಯಾವ ದಿನವೂ ನಿಮಗೆ ನೂರು ಕಿ.ಮೀ. ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ.

ದಿಕ್ಕಿನ ವಿಷಯದಲ್ಲಿ ನಿರ್ಧಾರವನ್ನು ಗಾಳಿಗೆ ಬಿಡಬೇಕು. ಮಳೆಗಾಲ ಕಳೆದ ಮೇಲೆ ಈ ಕರಾವಳಿಯಲ್ಲಿ ಬೆಳಗಿನ ಜಾವ ನೆಲದ ಕಡೆಯಿಂದ, ಎಂದರೆ ಪೂರ್ವದಿಂದ, ತಂಪಾದ ಮಂದ ಗಾಳಿ ಇರುತ್ತದೆ. ಬಿಸಿಲೇರಿ ನೆಲ ಕಾದ ಬಳಿಕ ಗಾಳಿ ತಿರುಗಿ ಕಡಲ ಕಡೆಯಿಂದ, ಹೆಚ್ಚಾಗಿ ವಾಯವ್ಯದಿಂದ, ಬೀಸತೊಡಗುತ್ತದೆ. ದಕ್ಷಿಣಕ್ಕೆ ಬರುವವನ ಬೆನ್ನಿಗೆ ಅದು ಕೈಯಿಟ್ಟು ತಳ್ಳುತ್ತದೆ, ಉತ್ತರಕ್ಕೆ ಹೋಗುವವನ ಎದೆಗೆ ಅಡ್ಡ ನಿಲ್ಲುತ್ತದೆ. ನಾನು ಒಮ್ಮೆ ಉಡುಪಿಯಿಂದ ಭಟ್ಕಳಕ್ಕೆ ಮಧ್ಯಾಹ್ನದ ಮೇಲೆ ಹೋಗಲು ಹೊರಟು, ಬೈಂದೂರಿನಲ್ಲೇ ಸೋತು ತಂಗಿದ್ದೇನೆ. ಕಾರವಾರದಿಂದ ಹೊರಟರೆ ಒಂದೇ ಒಂದು ನಷ್ಟವಿದೆ. ನಾವು ರಸ್ತೆಯ ಎಡಬದಿಯಲ್ಲಿ ಹೋಗುವವರಾದ್ದರಿಂದ ಕಡಲು ಯಾವಾಗಲೂ ಆಚೆ ಬದಿಗೆ, ಬಲಕ್ಕೆ ಇರುತ್ತದೆ. ಗಾಳಿಯ ಉಪಕಾರವನ್ನು ನೆನೆದು ಅಷ್ಟನ್ನು ಸಹಿಸಿಕೊಳ್ಳಬಹುದು.

ಪ್ರಶ್ನೆ: ನಾನು ಇತಿಹಾಸದ ವಿದ್ಯಾರ್ಥಿ. ಬಸ್ಸಿನಲ್ಲಿ ಈ ದಾರಿಯಲ್ಲಿ ಹತ್ತಾರು ಸಲ ಓಡಾಡಿದ್ದೇನೆ. ಮುರ್ಡೇಶ್ವರದ ಶಿವನ ಮೂರ್ತಿಯೊಂದನ್ನು ಬಿಟ್ಟರೆ ಕಿಟಕಿಯಿಂದ ಕಂಡದ್ದು ಏನೂ ಇಲ್ಲ. ಅರಬರು, ಪೋರ್ಚುಗೀಸರು ಬಂದು ಹೋದ ಬಂದರುಗಳು ಎಲ್ಲಿವೆ? ಸೈಕಲ್ಲಿನಲ್ಲಾದರೂ ಅವು ಕಾಣುತ್ತವೆಯೇ? (ಬೆಂಗಳೂರು)

ಉತ್ತರ: ಕಾಣುತ್ತವೆ, ಆದರೆ ಹೆದ್ದಾರಿಯಿಂದ ಇಳಿದವರಿಗೆ ಮಾತ್ರ. ಕಾರಣ ಸರಳವಾದದ್ದು. ಹಾಯಿಹಡಗುಗಳ ಕಾಲದಲ್ಲಿ ಬಂದರು ಎಂದರೆ ತೆರೆದ ಕಡಲದಂಡೆಯಲ್ಲ. ಅಳಿವೆಯ ಮರಳದಿಣ್ಣೆಯನ್ನು ಭರತದ ನೀರಿನಲ್ಲಿ ದಾಟಿ, ಹೊಳೆಯೊಳಕ್ಕೆ ಕೆಲವು ಮೈಲು ಸರಿದು, ಮಳೆಗಾಲದ ತೆರೆಗಳಿಂದಲೂ ಕಡಲ್ಗಳ್ಳರಿಂದಲೂ ಮರೆಯಾಗಿ ನಿಲ್ಲಬಹುದಾದ ಜಾಗವೇ ಬಂದರು. ಘಟ್ಟದ ಮೆಣಸು, ಬಯಲಿನ ಅಕ್ಕಿ ಅದೇ ಹೊಳೆಯಲ್ಲಿ ಮೇಲಿನಿಂದ ದೋಣಿಗಳಲ್ಲಿ ಇಳಿದು ಬರುತ್ತಿದ್ದವು. ಈಗಿನ ಹೆದ್ದಾರಿ ಪ್ರತಿ ಹೊಳೆಯನ್ನೂ ಅಳಿವೆಯ ಸಮೀಪದಲ್ಲಿ ಸೇತುವೆಯಿಂದ ದಾಟಿಬಿಡುತ್ತದೆ. ಬಸ್ಸಿನ ಕಿಟಕಿಗೆ ಆ ಹೊಳೆ ಸಿಗುವುದು ಅರ್ಧ ನಿಮಿಷ. ಹಳೆಯ ಊರು ಮಾತ್ರ ಸೇತುವೆಯಿಂದ ಐದಾರು ಕಿ.ಮೀ. ಮೇಲಕ್ಕೆ, ತೆಂಗಿನ ತೋಟಗಳ ಹಿಂದೆ ಕುಳಿತಿರುತ್ತದೆ. ಅಷ್ಟು ದೂರ ನಡೆಯುವುದು ಕಷ್ಟ, ಕಾರನ್ನು ತಿರುಗಿಸುವುದಕ್ಕೆ ಮನಸ್ಸು ಬಾರದು. ಸೈಕಲ್ಲಿಗೆ ಅದು ಅರ್ಧ ಗಂಟೆಯ ಕೆಲಸ.

ಕಾರವಾರದಿಂದಲೇ ತೊಡಗಿ. ಕಾಳಿಯ ಉತ್ತರ ದಡದಲ್ಲಿ ಸದಾಶಿವಗಡವಿದೆ. 18ನೆಯ ಶತಮಾನದ ಆರಂಭದಲ್ಲಿ ಶಿರಸಿ ಬಳಿಯ ಸೋದೆಯ ಅರಸ ಕಟ್ಟಿಸಿ ತನ್ನ ತಂದೆಯ ಹೆಸರನ್ನಿಟ್ಟ ಕೋಟೆ ಇದು. ಉಳಿದಿರುವುದು ಅಲ್ಪ. ಆದರೆ ಗುಡ್ಡದ ಮೇಲಿನಿಂದ ಕಾಳಿ ಕಡಲಿಗೆ ಬೀಳುವುದನ್ನು ನೋಡಿದರೆ, ಹೊಳೆಯ ಬಾಯಿಯಲ್ಲಿ ಕೋಟೆ ಏಕೆ ಬೇಕಾಯಿತು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಹಳೆಯ ವ್ಯಾಪಾರದ ಊರು ಇನ್ನೂ ಒಳಗಿರುವ ಕಡವಾಡ; ಕಾರವಾರಕ್ಕೆ ಆ ಹೆಸರು ಬಂದದ್ದೇ ಅದರಿಂದ ಎನ್ನುತ್ತಾರೆ. 17ನೆಯ ಶತಮಾನದಲ್ಲಿ ಇಂಗ್ಲಿಷರೂ ಇಲ್ಲಿ ಮೆಣಸಿನ ವ್ಯಾಪಾರಕ್ಕಾಗಿ ಕೋಠಿ ಇಟ್ಟಿದ್ದರು. ಪಟ್ಟಣದ ಕಡಲದಂಡೆಗೆ ರವೀಂದ್ರನಾಥ ಟಾಗೋರರ ಹೆಸರಿರುವುದು ಬರಿಯ ಗೌರವಕ್ಕಲ್ಲ. ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಅವರು ಇಪ್ಪತ್ತೆರಡರ ಹರೆಯದಲ್ಲಿ ಬಂದಿದ್ದರು, ಬೆಳದಿಂಗಳಲ್ಲಿ ಕಾಳಿಯ ಮೇಲೆ ದೋಣಿಯಲ್ಲಿ ಹೋಗಿದ್ದರು.

ಈ ದಾರಿಯಲ್ಲಿ ಒಂದೇ ಜಾಗ ನೋಡಲು ಸಮಯವಿದ್ದರೆ ನಾನು ಮಿರ್ಜಾನನ್ನು ಆರಿಸಿಕೊಳ್ಳುತ್ತೇನೆ. ಕುಮಟೆಯಿಂದ ಉತ್ತರಕ್ಕೆ ಸುಮಾರು 11 ಕಿ.ಮೀ., ಹೆದ್ದಾರಿಯಿಂದ ಅರ್ಧ ಕಿ.ಮೀ. ಒಳಗೆ. ಚಿರೆಕಲ್ಲಿನ ಎತ್ತರದ ಗೋಡೆ, ಸುತ್ತ ಕಂದಕ, ಒಳಗೆ ಮೆಟ್ಟಿಲಿಳಿಯುವ ಬಾವಿಗಳು, ಕಟ್ಟಡಗಳ ಅಡಿಪಾಯದ ಸಾಲುಗಳು. ಕೋಟೆಯೊಂದಿಗೆ ಜನ ನೆನೆಯುವ ಹೆಸರು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯದು. 1552ರಿಂದ 1606ರವರೆಗೆ, ಎಂದರೆ 54 ವರ್ಷ, ಆಳಿದ ಈಕೆಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಏಳು ಗಂಟೆಯ ಓರೆ ಬಿಸಿಲಿನಲ್ಲಿ ಗೋಡೆಯ ಹತ್ತಿರ ಹೋಗಿ ನೋಡಿ. ಚಿರೆಕಲ್ಲಿನ ಮೈಯಲ್ಲಿರುವ ಸಣ್ಣ ಸಣ್ಣ ತೂತುಗಳಲ್ಲಿ ಹಿಂದಿನ ಮಳೆಗಾಲದ ಪಾಚಿ ಒಣಗಿ ಕಂದು ಪುಡಿಯಾಗಿರುತ್ತದೆ, ಒಂದೊಂದು ತೂತಿನಲ್ಲಿ ಮಾತ್ರ ಹಸಿರು ಜರಿಗಿಡವೊಂದು ಇನ್ನೂ ಹಟ ಹಿಡಿದಿರುತ್ತದೆ. ಕೈಯಿಟ್ಟರೆ ಕಲ್ಲು ರಾತ್ರಿಯ ತಂಪನ್ನು ಬಿಟ್ಟಿರುವುದಿಲ್ಲ.

ಹೊನ್ನಾವರದಲ್ಲಿ ಕಣ್ಣಿಗೆ ಕಾಣುವ ಅವಶೇಷ ಕಡಿಮೆ, ನೆನಪಿಗೆ ಬರುವುದು ಹೆಚ್ಚು. 14ನೆಯ ಶತಮಾನದಲ್ಲಿ ಇಲ್ಲಿ ತಂಗಿದ್ದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ, ಊರಿನಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡೆನೆಂದು ಬರೆದಿಟ್ಟಿದ್ದಾನೆ. ಶರಾವತಿ ಸೇತುವೆಯ ಮೇಲೆ ನಿಂತು ಪೂರ್ವಕ್ಕೆ ನೋಡಿದರೆ ಗೇರುಸೊಪ್ಪೆಯ ಮೆಣಸು ಇಳಿದು ಬಂದ ಜಲಮಾರ್ಗ ಕಾಣುತ್ತದೆ. ಪಕ್ಕದಲ್ಲೇ ಕೊಂಕಣ ರೈಲುಮಾರ್ಗದ ಅತಿ ಉದ್ದದ ಸೇತುವೆ ಇದೆ, ಎರಡು ಕಿ.ಮೀ.ಗೂ ಹೆಚ್ಚು ಉದ್ದದ್ದು.

ಭಟ್ಕಳಕ್ಕೆ ಅರ್ಧ ದಿನ ಕೊಡಿ. ವಿಜಯನಗರದ ಸೈನ್ಯಕ್ಕೆ ಅರಬ್ ನಾಡಿನ ಕುದುರೆಗಳು ಬಂದಿಳಿಯುತ್ತಿದ್ದ ಬಂದರುಗಳಲ್ಲಿ ಇದು ಮುಖ್ಯವಾದದ್ದು. ಇಲ್ಲಿನ ಖೇತಪೈ ನಾರಾಯಣ ದೇವಾಲಯ ಮತ್ತು ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿಯನ್ನು ನೋಡುವಾಗ ಮೂರ್ತಿಗಳಿಗಿಂತ ಮೊದಲು ಮಾಡನ್ನು, ಎಂದರೆ ಚಾವಣಿಯನ್ನು, ನೋಡಿ. ಮರದ ಹಲಗೆಗಳನ್ನು ಜೋಡಿಸುವ ರೀತಿಯಲ್ಲೇ ಕಲ್ಲಿನ ಚಪ್ಪಡಿಗಳನ್ನು ಇಳಿಜಾರಾಗಿ ಹೊದಿಸಿ, ಸಂದಿಗಳ ಮೇಲೆ ಕಲ್ಲಿನ ಪಟ್ಟಿಗಳನ್ನಿಟ್ಟು ನೀರು ಜಾರುವಂತೆ ಮಾಡಿದ್ದಾರೆ. ಬಯಲುಸೀಮೆಯ ಗುಡಿಗಳಲ್ಲಿ ಇಂಥ ಮಾಡು ಅಪರೂಪ. ನಾಲ್ಕು ತಿಂಗಳ ಜಡಿಮಳೆಯನ್ನು ತಲೆಯ ಮೇಲೆ ಹೊತ್ತ ಬಡಗಿಯ ಬುದ್ಧಿ ಇಲ್ಲಿ ಕಲ್ಲುಕುಟಿಗನ ಕೈಗೆ ಬಂದಿದೆ.

ಕುಂದಾಪುರದಿಂದ ಐದಾರು ಕಿ.ಮೀ. ಒಳಗಿರುವ ಬಸ್ರೂರು ಮತ್ತು ಬ್ರಹ್ಮಾವರದ ಹತ್ತಿರ ಹೆದ್ದಾರಿ ಬಿಟ್ಟು ಹೋಗಬೇಕಾದ ಬಾರ್ಕೂರು, ಇವೆರಡೂ ಮೇಲೆ ಹೇಳಿದ ಮಾತಿಗೆ ಒಳ್ಳೆಯ ಸಾಕ್ಷಿಗಳು. ಬಸ್ರೂರಿನ ಅಕ್ಕಿಗಾಗಿ ಪೋರ್ಚುಗೀಸರು ಹಾತೊರೆದರು, ಅದರ ಸಂಪತ್ತಿಗಾಗಿ 1665ರ ಫೆಬ್ರವರಿಯಲ್ಲಿ ಶಿವಾಜಿ ಹಡಗುಗಳೊಂದಿಗೆ ಬಂದು ಕೊಳ್ಳೆ ಹೊಡೆದು, ಹಿಂದಿರುಗುವಾಗ ಗೋಕರ್ಣದಲ್ಲಿ ಇಳಿದ. ಈಗ ಆ ಊರಿನ ಬೀದಿಗಳಲ್ಲಿ ಮಧ್ಯಾಹ್ನದ ಹೊತ್ತು ನಿಮ್ಮ ಸೈಕಲ್ಲಿನ ಚೈನಿನ ಸದ್ದೇ ದೊಡ್ಡದಾಗಿ ಕೇಳುತ್ತದೆ. ಬಾರ್ಕೂರು ಅಳುಪ ಅರಸರ ರಾಜಧಾನಿಯಾಗಿತ್ತು; ವಿಜಯನಗರದ ಕಾಲದಲ್ಲಿ ಬಾರ್ಕೂರು ರಾಜ್ಯ, ಮಂಗಳೂರು ರಾಜ್ಯ ಎಂದು ಕರಾವಳಿಯನ್ನು ಎರಡಾಗಿ ಆಳುತ್ತಿದ್ದರು. ಕತ್ತಲೆ ಬಸದಿಯ ಅಂಗಳದಲ್ಲಿ ಕುಳಿತು ಬುತ್ತಿ ಬಿಚ್ಚುವುದಕ್ಕಿಂತ ಒಳ್ಳೆಯ ಊಟದ ಜಾಗ ನನಗೆ ಈ ದಾರಿಯಲ್ಲಿ ಸಿಕ್ಕಿಲ್ಲ. (ತಿಂದ ಮೇಲೆ ಬಾಳೆಲೆಯನ್ನು ಅಲ್ಲೇ ಬಿಟ್ಟು ಬರಬೇಡಿ.)

ಪ್ರಶ್ನೆ: ಹೊಳೆಗಳನ್ನು ದೋಣಿಯಲ್ಲಿ ದಾಟಬಹುದು ಎಂದು ಕೇಳಿದ್ದೇನೆ. ಸೈಕಲ್ಲನ್ನು ದೋಣಿಯವರು ಹತ್ತಿಸಿಕೊಳ್ಳುತ್ತಾರೆಯೇ? ಯಾವ ಯಾವ ಕಡೆ? (ಶಿರಸಿ)

ಉತ್ತರ: ನೀವು ಅಘನಾಶಿನಿ ಹುಟ್ಟುವ ಊರಿನವರು, ಅದರ ಕೊನೆಯನ್ನು ದೋಣಿಯಲ್ಲೇ ನೋಡಬೇಕು. ಗೋಕರ್ಣದ ಹತ್ತಿರದ ತದಡಿಯಿಂದ ಆಚೆ ದಡದ ಅಘನಾಶಿನಿ ಗ್ರಾಮಕ್ಕೆ ತಾರಿ ದೋಣಿ ಇದೆ; ಜನರ ಜೊತೆಗೆ ಬೈಕು, ಸೈಕಲ್ಲುಗಳೂ ಅದರಲ್ಲಿ ದಾಟುತ್ತವೆ. ಕ್ಯಾರಿಯರಿನ ಚೀಲಗಳನ್ನು ಮೊದಲು ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳಿ, ಸೈಕಲ್ಲನ್ನು ಮುಂದಿನ ಚಕ್ರದ ಕಡೆಯಿಂದ ಎತ್ತಿಕೊಡಿ, ದೋಣಿಯಲ್ಲಿ ಪೆಡಲು ಇನ್ನೊಬ್ಬರ ಮೊಣಕಾಲಿಗೆ ತಾಗದಂತೆ ಒರಗಿಸಿ ನೀವೇ ಹಿಡಿದು ನಿಲ್ಲಿ. ಮೀನಿನ ಬುಟ್ಟಿಯವರಿಗೆ ಮೊದಲ ಜಾಗ, ನಿಮಗೆ ಆಮೇಲೆ. ಇಳಿತದ ಹೊತ್ತಿಗೆ ಹೋದರೆ ಹೊಳೆಯ ನಡುವಿನ ದಿಬ್ಬಗಳ ಮೇಲೆ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಚಿಪ್ಪೆಕಲ್ಲು ಆರಿಸುವ ಹೆಂಗಸರೂ ಗಂಡಸರೂ ಕಾಣುತ್ತಾರೆ. ಅಣೆಕಟ್ಟಿಲ್ಲದೆ ಕಡಲು ಸೇರುವ ಹೊಳೆ ಇದು. ಇದರ ಅಳಿವೆ ಪ್ರದೇಶವನ್ನು 2024ರಲ್ಲಿ ರಾಮ್ಸಾರ್ ತಾಣಗಳ, ಎಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ, ಪಟ್ಟಿಗೆ ಸೇರಿಸಲಾಯಿತು. ದಡದ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಿದ್ದರು, ಈಗ ಅದು ಅಪರೂಪವಾಗುತ್ತಿದೆ.

ಒಂದು ತೊಡಕನ್ನು ಮೊದಲೇ ಹೇಳಬೇಕು. ದೋಣಿಯಲ್ಲಿ ದಾಟಿದರೆ ನೀವು ನೇರವಾಗಿ ಕುಮಟೆಯ ಕಡೆಗೆ ಇಳಿಯುತ್ತೀರಿ, ಮಿರ್ಜಾನ್ ತಪ್ಪುತ್ತದೆ. ಹೆದ್ದಾರಿಯಲ್ಲಿ ಬಂದರೆ ಮಿರ್ಜಾನ್ ಸಿಗುತ್ತದೆ, ದೋಣಿ ತಪ್ಪುತ್ತದೆ. ನಾನು ಮಾಡುವುದು ಹೀಗೆ: ದೋಣಿಯಲ್ಲಿ ದಾಟಿ ಕುಮಟೆಯಲ್ಲಿ ಉಳಿದು, ಮರುದಿನ ಬೆಳಗಾಗುವ ಮುನ್ನ ಸಾಮಾನನ್ನು ಕೋಣೆಯಲ್ಲೇ ಬಿಟ್ಟು ಬರಿಯ ಸೈಕಲ್ಲಿನಲ್ಲಿ ಮಿರ್ಜಾನಿಗೆ ಹೋಗಿ ತಿಂಡಿಯ ಹೊತ್ತಿಗೆ ಹಿಂದಿರುಗುವುದು. 22 ಕಿ.ಮೀ. ಹೆಚ್ಚಾಗುತ್ತದೆ, ಆದರೆ ಭಾರವಿಲ್ಲದ ಸವಾರಿ ಆಯಾಸವೆನಿಸುವುದಿಲ್ಲ.

ಉಡುಪಿ ಜಿಲ್ಲೆಯಲ್ಲಿ ಹಂಗಾರಕಟ್ಟೆಯಿಂದ ಕೋಡಿಬೆಂಗ್ರೆಗೆ ಬಾರ್ಜಿನಲ್ಲಿ ದಾಟುವ ರೂಢಿಯಿದೆ. ಬಾರ್ಕೂರು ನೋಡಿದ ಬಳಿಕ ಹೊರಡುವವರಿಗೆ ಇದು ಹೇಳಿ ಮಾಡಿಸಿದಂಥ ದಾರಿ; ಆಚೆ ಇಳಿದರೆ ಹೂಡೆಯ ಮೇಲೆ ಮಲ್ಪೆಯವರೆಗೆ ಕಡಲಂಚಿನಲ್ಲೇ ಬರಬಹುದು. ಮಂಗಳೂರನ್ನು ಪ್ರವೇಶಿಸುವಾಗ ತಣ್ಣೀರುಬಾವಿಯಿಂದ ಸುಲ್ತಾನ್ ಬತ್ತೇರಿಗೆ ದೋಣಿ ಇದೆ. ಇವೆರಡು ಕಡೆಯೂ ಹಿಂದಿನ ದಿನವೇ ಊರವರನ್ನು ಕೇಳಿ ಹೊರಡಿ. ದೋಣಿ ದುರಸ್ತಿಯಲ್ಲಿರುವುದು, ಭಾನುವಾರದ ಜನಸಂದಣಿಯಲ್ಲಿ ಸೈಕಲ್ಲಿಗೆ ಜಾಗವಿಲ್ಲದಿರುವುದು ಇದ್ದದ್ದೇ; ಆಗ ಹೆದ್ದಾರಿಯ ಸೇತುವೆಯೇ ಗತಿ.

ಪ್ರಶ್ನೆ: ಇಡೀ ದಾರಿ ಕಡಲಿನ ಪಕ್ಕದಲ್ಲೇ ಸಾಗುತ್ತದೆಯೇ? (ಕಲಬುರಗಿ)

ಉತ್ತರ: ಇಲ್ಲ. ಇದನ್ನು ತಿಳಿಯದೆ ಹೊರಟು ಬೇಸರಪಟ್ಟವರನ್ನು ಕಂಡಿದ್ದೇನೆ. ಹೆದ್ದಾರಿಯಲ್ಲಿ ಕಡಲು ಕೈಗೆಟುಕುವಂತೆ ಕಾಣುವುದು ಕಾರವಾರದ ಆಚೀಚೆ ಸ್ವಲ್ಪ, ಆಮೇಲೆ ಮರವಂತೆಯಲ್ಲಿ. ಉಳಿದಂತೆ ಗದ್ದೆ, ತೋಟ, ಪೇಟೆ, ಚಿರೆಕಲ್ಲಿನ ಗುಡ್ಡ ಕಡಿದು ಮಾಡಿದ ಕೆಂಪು ಗೋಡೆಗಳು. ಮರವಂತೆಯಲ್ಲಿ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ. ಕಡಲಿಗೆ ಇಷ್ಟು ಹತ್ತಿರ ಬಂದ ಹೊಳೆ ಅಲ್ಲಿ ಅದನ್ನು ಸೇರದೆ ತಿರುಗಿ, ಗಂಗೊಳ್ಳಿಯವರೆಗೆ ಸಮಾನಾಂತರವಾಗಿ ಹರಿದು ಉಳಿದ ಹೊಳೆಗಳ ಜೊತೆಗೂಡಿಯೇ ಕಡಲಿಗೆ ಹೋಗುತ್ತದೆ. ದಕ್ಷಿಣಕ್ಕೆ ಬರುವ ನೀವು ಹೊಳೆಯ ಬದಿಯ ರಸ್ತೆಯಲ್ಲಿರುತ್ತೀರಿ. ಸೈಕಲ್ಲನ್ನು ನೂಕಿಕೊಂಡು ದಾಟಿ ಕಡಲ ಬದಿಯಲ್ಲಿ ಕುಳಿತುಕೊಳ್ಳಿ, ಆದರೆ ನೀರಿಗಿಳಿಯಬೇಡಿ. ಅಲ್ಲಿನ ಸೆಳೆತ ಈಜು ಬಲ್ಲವರನ್ನೂ ಬಿಟ್ಟಿಲ್ಲ.

ಕಡಲ ಪಕ್ಕದಲ್ಲೇ ನಿಧಾನವಾಗಿ ತುಳಿಯಬೇಕೆಂದರೆ ಮಲ್ಪೆಯಿಂದ ದಕ್ಷಿಣಕ್ಕೆ ಹೆದ್ದಾರಿಯನ್ನು ಸೇರದೆ ಪಡುಕೆರೆಯ ಸೇತುವೆ ದಾಟಿ ಮಟ್ಟುವಿನ ಮೇಲೆ ಕಾಪುವಿಗೆ ಬನ್ನಿ. ಎಡಕ್ಕೆ ಉದ್ಯಾವರ ಹೊಳೆ, ಬಲಕ್ಕೆ ಕಡಲು, ನಡುವೆ ಮನೆಗಳೂ ತೆಂಗಿನ ಮರಗಳೂ ಒಂದು ಸಪೂರ ರಸ್ತೆಯೂ ಹಿಡಿಸುವಷ್ಟು ಮಾತ್ರ ನೆಲ. ಗುಳ್ಳ ಬದನೆಗೆ ಹೆಸರಾದ ಮಟ್ಟು ಇದೇ. ಕಾಪುವಿನಲ್ಲಿ ಬಂಡೆಯ ಮೇಲೆ 1901ರ ದೀಪಸ್ತಂಭವಿದೆ. ಸಂಜೆ ಮೇಲೆ ಹತ್ತಲು ಬಿಡುವ ಹೊತ್ತಿಗೆ ತಲುಪಿದರೆ ನೀವು ಬಂದ ದಾರಿ ಪೂರ್ತಿ ಕಾಣುತ್ತದೆ.

ಪ್ರಶ್ನೆ: ನನ್ನ ಬಳಿ ಇರುವುದು ಗೇರಿಲ್ಲದ ಹಳೆಯ ಸೈಕಲ್ಲು. ವಯಸ್ಸು 58. ಕರಾವಳಿ ಸಮತಟ್ಟಾದದ್ದು ತಾನೇ? (ಹುಬ್ಬಳ್ಳಿ)

ಉತ್ತರ: ವಯಸ್ಸು ಅಡ್ಡಿಯಲ್ಲ, ಸಮತಟ್ಟು ಎಂಬ ನಂಬಿಕೆ ಅಡ್ಡಿಯಾದೀತು. ಸಹ್ಯಾದ್ರಿ ಕಾರವಾರದ ಹತ್ತಿರ ಕಡಲಿನವರೆಗೂ ಕಾಲು ಚಾಚಿದೆ. ಆದ್ದರಿಂದ ಕಾರವಾರ ಮತ್ತು ಅಂಕೋಲಾ ನಡುವೆ ಏರಿಳಿತ ಹೆಚ್ಚು. ಬೈಂದೂರಿನ ಒತ್ತಿನೆಣೆಯಲ್ಲಿ ಇನ್ನೊಂದು ಏರು. ಯಾವುದೂ ಘಟ್ಟವಲ್ಲ, ಇಳಿದು ನೂಕಿದರೆ ಕಾಲು ಗಂಟೆ. ಕುಂದಾಪುರದಿಂದ ಮುಂದೆ ಬಹುತೇಕ ಸಮ. ನೀವು ಅಂಕೋಲೆಯಿಂದ ಆರಂಭಿಸಿದರೂ ಹೆಚ್ಚೇನೂ ಕಳೆದುಕೊಳ್ಳುವುದಿಲ್ಲ, ಹುಬ್ಬಳ್ಳಿಯಿಂದ ಅದು ಹತ್ತಿರವೂ ಹೌದು. ಅಂಕೋಲಾ 1930ರ ಉಪ್ಪಿನ ಸತ್ಯಾಗ್ರಹದ ಊರು. ಕರ ನಿರಾಕರಣೆಯ ಹೋರಾಟಕ್ಕೆ ಹೆಸರಾದ ಗುಜರಾತಿನ ಬಾರ್ಡೋಲಿಯನ್ನು ನೆನೆದು ಅದನ್ನು ಕರ್ನಾಟಕದ ಬಾರ್ಡೋಲಿ ಎಂದು ಕರೆದದ್ದು ಸುಮ್ಮನೆ ಅಲ್ಲ. ಮುಂದೆ ಗೋಕರ್ಣದ ದಾರಿಯಲ್ಲಿ ಸಾಣಿಕಟ್ಟೆಯ ಉಪ್ಪಿನ ಆಗರಗಳಿವೆ. ಗೇರಿಲ್ಲದ ಸೈಕಲ್ಲಿಗೆ ಒಂದು ಅನುಕೂಲವುಂಟು: ಕೆಟ್ಟರೆ ಯಾವ ಹಳ್ಳಿಯ ಅಂಗಡಿಯಲ್ಲಾದರೂ ಸರಿಯಾಗುತ್ತದೆ. ಹೊರಡುವ ಮುನ್ನ ಎರಡೂ ಬ್ರೇಕಿನ ರಬ್ಬರುಗಳನ್ನು ಹೊಸದು ಹಾಕಿಸಿ.

ಪ್ರಶ್ನೆ: ಮಹಿಳೆಯೊಬ್ಬಳೇ ಹೋಗುವುದು ಕ್ಷೇಮವೇ? ಮನೆಯಲ್ಲಿ ಒಪ್ಪುತ್ತಿಲ್ಲ. (ಮೈಸೂರು)

ಉತ್ತರ: ಮನೆಯವರ ಪರವಾಗಿಯೋ ನಿಮ್ಮ ಪರವಾಗಿಯೋ ತೀರ್ಪು ಕೊಡುವುದು ನನ್ನ ಕೆಲಸವಲ್ಲ, ದಾರಿ ಹೇಗಿದೆ ಎಂದಷ್ಟೇ ಹೇಳಬಲ್ಲೆ. ಈ ದಾರಿಯಲ್ಲಿ ಹತ್ತು ಹದಿನೈದು ಕಿ.ಮೀ.ಗೆ ಒಂದು ಪೇಟೆಯಿದೆ, ಮೀನು ಮಾರುವವರಿಂದ ಹಿಡಿದು ಬ್ಯಾಂಕಿನ ಉದ್ಯೋಗಿಗಳವರೆಗೆ ಹೆಂಗಸರು ಬೆಳಗಿನಿಂದಲೇ ರಸ್ತೆಯಲ್ಲಿರುತ್ತಾರೆ, ಬಸ್ಸುಗಳ ಓಡಾಟ ನಿರಂತರವಾಗಿದೆ. ನಿಜವಾದ ಅಪಾಯ ಬರುವುದು ಹೆಚ್ಚಾಗಿ ವಾಹನಗಳಿಂದ. ಚತುಷ್ಪಥದಲ್ಲಿ ಎದುರು ದಿಕ್ಕಿನಿಂದ ರಸ್ತೆಯ ಅಂಚಿನಲ್ಲೇ ಬರುವ ಸ್ಕೂಟರುಗಳು, ವಿಭಜಕದ ಸಂದಿಗಳಲ್ಲಿ ತಟ್ಟನೆ ತಿರುಗುವ ಕಾರುಗಳು, ಮೀನಿನ ಲಾರಿಯಿಂದ ಸೋರಿದ ನೀರು ಬಿದ್ದು ಜಾರುವ ಡಾಂಬರು, ಇವು ಗಂಡಸರಿಗೂ ಅಷ್ಟೇ ಅಪಾಯ. ಸಾಧ್ಯವಾದಲ್ಲೆಲ್ಲ ಸರ್ವಿಸ್ ರಸ್ತೆ ಹಿಡಿಯಿರಿ, ಕತ್ತಲಾಗುವ ಒಂದು ಗಂಟೆ ಮೊದಲೇ ತಂಗುವ ಊರು ಸೇರಿ, ಕೋಣೆಯನ್ನು ಪೇಟೆಯ ನಡುವೆ ಹಿಡಿಯಿರಿ, ನಿರ್ಜನ ಕಡಲದಂಡೆಯಲ್ಲಿ ಅಲ್ಲ. ಮೊದಲ ಸಲಕ್ಕೆ ಕುಂದಾಪುರದಿಂದ ಮಂಗಳೂರಿನವರೆಗಿನ ಎರಡು ಮೂರು ದಿನದ ತುಂಡನ್ನು ಮಾಡಿ ನೋಡಿ. ಮನೆಯವರಿಗೂ ಧೈರ್ಯ ಬರುತ್ತದೆ.

ನೇತ್ರಾವತಿಯ ಆಚೆಗಿನ ಉಳ್ಳಾಲಕ್ಕೆ ಹೋಗುವಿರಾದರೆ ಒಂದು ಸಂಗತಿ ನೆನಪಿರಲಿ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಆ ನಾಡಿನ ರಾಣಿಯನ್ನು ಕಾಣಲು ಹೋದಾಗ ಆಕೆ ಅರಮನೆಯಲ್ಲಿರಲಿಲ್ಲ. ನೀರಿನ ಕಾಲುವೆಯ ಕೆಲಸ ನೋಡಿಕೊಳ್ಳಲು ಹೋಗಿದ್ದವಳು ಬರಿಗಾಲಿನಲ್ಲಿ ರಸ್ತೆಯಲ್ಲೇ ನಡೆದು ಬರುತ್ತಿದ್ದಳು. ಅಲ್ಲೇ ನಿಂತು ಅವನನ್ನು ಮಾತಾಡಿಸಿದಳು.

ಪ್ರಶ್ನೆ: ಮಳೆಗಾಲದ ಹಸಿರು ನೋಡಲು ಜುಲೈನಲ್ಲಿ ಹೋಗಬಹುದೇ? (ತುಮಕೂರು)

ಉತ್ತರ: ಬೇಡ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಇದೇ ಹೆದ್ದಾರಿಯಲ್ಲಿದ್ದವರ ಪ್ರಾಣ ಹೋಯಿತು. ಮುಂದಿನ ತಿಂಗಳು ಕಾರವಾರದಲ್ಲಿ ಕಾಳಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ಹೊಳೆಗೆ ಬಿತ್ತು. ಹಸಿರೇ ಬೇಕೆಂದರೆ ಅಕ್ಟೋಬರ್ ಕೊನೆಯಲ್ಲಿ ಬನ್ನಿ. ಗದ್ದೆ ಇನ್ನೂ ಹಸಿರಾಗಿರುತ್ತದೆ, ಅಥವಾ ಆಗತಾನೆ ಹಳದಿಗೆ ತಿರುಗುತ್ತಿರುತ್ತದೆ. ನವೆಂಬರಿನಿಂದ ಫೆಬ್ರವರಿಯವರೆಗೆ ಸೈಕಲ್ಲಿಗೆ ಒಳ್ಳೆಯ ಕಾಲ. ಮಾರ್ಚ್ ಬಂದಿತೆಂದರೆ ಸೆಕೆ ತಡೆಯಲಾಗದು.

ಪ್ರಶ್ನೆ: ಊಟ, ನೀರಿನ ವ್ಯವಸ್ಥೆ ಹೇಗೆ? ನಾನು ಸಸ್ಯಾಹಾರಿ. (ಮುಂಬೈ)

ಉತ್ತರ: ಚಿಂತೆ ಬೇಡ. ಬೆಳಿಗ್ಗೆ ಬನ್ಸ್, ಅವಲಕ್ಕಿ, ನೀರುದೋಸೆ, ದಕ್ಷಿಣಕ್ಕೆ ಬಂದಂತೆ ಮೂಡೆ, ಸಂಜೆಗೆ ಗೋಳಿಬಜೆ. ಪ್ರತಿ ಪೇಟೆಯಲ್ಲೂ ಸಸ್ಯಾಹಾರದ ಹೋಟೆಲು ಇದ್ದೇ ಇದೆ. ಬೆವರು ಸುರಿದು ಸುಸ್ತಾದಾಗ ಬರಿ ನೀರು ಕುಡಿದರೆ ಸಾಲದು. ಎಳನೀರು, ಉಪ್ಪು ಹಾಕಿದ ಮಜ್ಜಿಗೆ, ಉತ್ತರ ಕನ್ನಡದಲ್ಲಿ ಮುರುಗಲು ಎನ್ನುವ ದಕ್ಷಿಣ ಕನ್ನಡದಲ್ಲಿ ಪುನರ್ಪುಳಿ ಎನ್ನುವ ಹಣ್ಣಿನ ಪಾನಕ, ಇವುಗಳಲ್ಲಿ ಒಂದನ್ನು ಹನ್ನೊಂದು ಗಂಟೆಯ ಹೊತ್ತಿಗೆ ಕುಡಿಯಲೇಬೇಕು. ಎಳನೀರಿಗೆ ಕುಂದಾಪುರದಿಂದಾಚೆ ಬೊಂಡ ಎಂದು ಕೇಳಿ.

ಪ್ರಶ್ನೆ: ಬೆಂಗಳೂರಿನಿಂದ ಸೈಕಲ್ಲನ್ನು ಕಾರವಾರಕ್ಕೆ ಒಯ್ಯುವುದು ಹೇಗೆ? ಕಡಲ ಗಾಳಿಗೆ ಸೈಕಲ್ಲು ಹಾಳಾಗುವುದಿಲ್ಲವೇ? (ಬೆಂಗಳೂರು)

ಉತ್ತರ: ಸಂಜೆ ಹೊರಟು ಬೆಳಿಗ್ಗೆ ಕಾರವಾರ ಸೇರುವ ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ಒಯ್ಯಬಹುದು. ರೈಲು ಹೊರಡುವ ಕೆಲವು ಗಂಟೆ ಮೊದಲೇ ನಿಲ್ದಾಣದ ಪಾರ್ಸೆಲ್ ಕಚೇರಿಗೆ ಹೋಗಿ, ನಿಮ್ಮ ಟಿಕೆಟ್ ತೋರಿಸಿ, ಸೈಕಲ್ಲಿಗೆ ಹೆಸರು, ಊರು, ಫೋನ್ ಸಂಖ್ಯೆ ಬರೆದ ಚೀಟಿಯನ್ನು ಎರಡು ಕಡೆ ಕಟ್ಟಿ ಲಗೇಜ್ ಡಬ್ಬಿಗೆ ಹಾಕಿಸಿ. ಹ್ಯಾಂಡಲು ಮತ್ತು ಗೇರಿನ ಭಾಗಕ್ಕೆ ಗೋಣಿ ಸುತ್ತಿ, ಬೆಲ್ಲು, ದೀಪಗಳನ್ನು ಬಿಚ್ಚಿ ಕೈಚೀಲದಲ್ಲಿ ಇಟ್ಟುಕೊಳ್ಳಿ. ರೈಲು ಕಾರವಾರದಲ್ಲೇ ಕೊನೆಗೊಳ್ಳುವುದರಿಂದ ಇಳಿಸುವ ಆತುರವಿಲ್ಲ. ಎರಡು ನಿಮಿಷ ಮಾತ್ರ ನಿಲ್ಲುವ ನಡುವಿನ ನಿಲ್ದಾಣಗಳಿಗೆ ಪಾರ್ಸೆಲ್ ಮಾಡಿಸಬೇಡಿ. ಕಾರವಾರದ ನಿಲ್ದಾಣ ಇರುವುದು ಪಟ್ಟಣದಿಂದ ಒಳಗೆ, ಶಿರವಾಡದಲ್ಲಿ. ನಿಮ್ಮ ಸವಾರಿ ಅಲ್ಲಿಂದಲೇ ಆರಂಭ.

ಉಪ್ಪುಗಾಳಿಯ ಬಗ್ಗೆ ನೀವು ಹೇಳಿದ್ದು ಸರಿ. ಮೊದಲ ಪ್ರವಾಸದಲ್ಲಿ ಕಡಲಿಗೆ ಎದುರಾದ ತಂಗುದಾಣವೊಂದರ ಜಗಲಿಯಲ್ಲಿ ಎರಡು ರಾತ್ರಿ ಸೈಕಲ್ಲನ್ನು ನಾನು ಹಾಗೇ ಬಿಟ್ಟಿದ್ದೆ. ಮೂರನೆಯ ಬೆಳಿಗ್ಗೆ ಚೈನಿನ ಕೊಂಡಿಗಳೆಲ್ಲ ಕಿತ್ತಳೆ ಬಣ್ಣಕ್ಕೆ ತಿರುಗಿ, ಪೆಡಲು ತುಳಿದಾಗ ಮುದುಕ ಗೊರಕೆ ಹೊಡೆದಂತೆ ಸದ್ದು ಬಂತು. ಅಂದಿನಿಂದ ಪ್ರತಿ ಸಂಜೆ ಒಂದು ತಂಬಿಗೆ ಸಿಹಿನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಚೌಕಟ್ಟು, ಕಡ್ಡಿಗಳು ಮತ್ತು ಚೈನನ್ನು ಒರೆಸಿ, ಒಣಗಿದ ಮೇಲೆ ಚೈನಿಗೆ ಎಣ್ಣೆ ಹನಿಸಿ, ಹೆಚ್ಚಾದದ್ದನ್ನು ಒರೆಸಿ, ಸೈಕಲ್ಲನ್ನು ಕೋಣೆಯೊಳಗೇ ನಿಲ್ಲಿಸಿ ಮಲಗುತ್ತೇನೆ. ಮರಳಿನ ಮೇಲೆ ಸೈಕಲ್ಲನ್ನು ಮಲಗಿಸಿ ಫೋಟೊ ತೆಗೆಯುವ ಆಸೆಯಿದ್ದರೆ ಅದನ್ನು ಮಂಗಳೂರಿನ ಕೊನೆಯ ಸಂಜೆಗೆ ಇಟ್ಟುಕೊಳ್ಳಿ.